ಮಾಗಿಯ ಮುನ್ನ ಕಾಡುಪಾರಿವಾಳದ ಊಟ

(ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರೂ ಕಾಲೇಜು ವಿದ್ಯಾರ್ಥಿಗಳೂ ಸೇರಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಕಾರ್ತಿಕದ ಈ ದಿನಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಯಾರೊಂದಿಗೆ ಮಾತಿಗೆ ಕುಳಿತರೂ ಮಾತು ಕಾಫಿ ಕೊಯ್ಲಿನತ್ತಲೇ ತಿರುಗುತ್ತದೆ. ಅರೇಬಿಕಾ ಹಣ್ಣು ಕೆಂಪಾಗತೊಡಗಿದೆ, ಆಳುಗಳು ಸಾಲುತ್ತಿಲ್ಲ, ಕಣದಲ್ಲಿ ಹರವಿದ ಕಾಫಿಯ ಮೇಲೆ ಹಿಂಗಾರಿನ ಮಳೆ ಎಲ್ಲಿ ಸುರಿದುಬಿಡುತ್ತದೋ ಎಂಬ ಆತಂಕ ಎಲ್ಲರ ಮನೆಯಲ್ಲೂ ಇದೆ. ಇಂಥ ಹೊತ್ತಿನಲ್ಲಿ ಗಿಡದಿಂದ ಕಣ್ಣು ತೆಗೆದು ನೆರಳುಮರದ ತುದಿಯನ್ನು ನೋಡಿ ಎಂದು ಕೇಳಿಕೊಳ್ಳಲು ನಾನು ಬಂದಿದ್ದೇನೆ. ಕಾಫಿ ಹಣ್ಣಾಗುವ ಇದೇ ವಾರಗಳಲ್ಲಿ, ಅದೇ ತೋಟದಲ್ಲಿ, ನಾವು ನೆಡದ ಇನ್ನೊಂದು ಬೆಳೆಯೂ ಹಣ್ಣಾಗುತ್ತಿರುತ್ತದೆ. ಆ ಬೆಳೆಯನ್ನು ನಂಬಿ ಬದುಕುವ ಕಾಡುಪಾರಿವಾಳ ಚಳಿಗಾಲದ ಹೊಸ್ತಿಲಿನಲ್ಲಿ ಏನು ತಿನ್ನುತ್ತದೆ, ಅದು ಸಿಗದೆ ಹೋದರೆ ಏನಾಗುತ್ತದೆ ಎಂಬುದೇ ಇಂದಿನ ವಿಷಯ.

ಮೊದಲು ಹಕ್ಕಿ ಯಾವುದೆಂಬುದನ್ನು ಸ್ಪಷ್ಟಪಡಿಸುತ್ತೇನೆ. ದೇವಸ್ಥಾನದ ಗೋಪುರದಲ್ಲಿ, ಬಸ್ ನಿಲ್ದಾಣದ ತೊಲೆಗಳ ಮೇಲೆ ಗುಂಪಾಗಿ ಕೂರುವ ಬೂದುಬಣ್ಣದ ಪಾರಿವಾಳವನ್ನು ಕುರಿತು ನಾನು ಹೇಳುತ್ತಿಲ್ಲ. ಅದು ಮೂಲತಃ ಬಂಡೆಗಳಲ್ಲಿ ಗೂಡು ಕಟ್ಟುತ್ತಿದ್ದ ಹಕ್ಕಿ. ಕಟ್ಟಡಗಳನ್ನೇ ಬಂಡೆಯೆಂದು ಒಪ್ಪಿಕೊಂಡು, ಚೆಲ್ಲಿದ ಕಾಳನ್ನು ಹೆಕ್ಕಿ ಬದುಕುತ್ತದೆ. ತೋಟದ ದಾರಿಯಲ್ಲಿ ಎದುರಾಗುವ ಚೋರೆಯನ್ನೂ, ಅಂದರೆ ಬೆಳವವನ್ನೂ, ಕುರಿತು ಅಲ್ಲ. ನಾನು ಹೇಳುತ್ತಿರುವುದು ನೀಲಗಿರಿ ಕಾಡುಪಾರಿವಾಳವನ್ನು ಕುರಿತು. ಹೆಸರಿನಲ್ಲಿ ನೀಲಗಿರಿ ಇದ್ದರೂ ಅದು ಪಶ್ಚಿಮ ಘಟ್ಟದ ಉದ್ದಕ್ಕೂ ಇರುವ, ಬಹುಮಟ್ಟಿಗೆ ಈ ಘಟ್ಟಗಳಿಗೇ ಸೀಮಿತವಾದ ಹಕ್ಕಿ. ಬಾಬಾಬುಡನ್‌ಗಿರಿಯ ಶೋಲಾ ಕಾಡುಗಳು (ಬೆಟ್ಟದ ಹುಲ್ಲುಗಾವಲಿನ ನಡುವಿನ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕಾಡುಗಳು), ಕೆಮ್ಮಣ್ಣುಗುಂಡಿ, ಕುದುರೆಮುಖ, ಆಚೆ ಹಾಸನ ಜಿಲ್ಲೆಯ ಬಿಸಿಲೆ ಎಲ್ಲವೂ ಅದರ ನೆಲೆಗಳೇ. ಕರ್ನಲ್ ಸೈಕ್ಸ್ 1832ರಲ್ಲಿ ಇದನ್ನು ವಿವರಿಸಿ, ಮುಂಬಯಿಯ ಗವರ್ನರ್ ಆಗಿದ್ದ ಎಲ್ಫಿನ್‌ಸ್ಟನ್ನರ ನೆನಪಿಗೆ ಕೊಲಂಬಾ ಎಲ್ಫಿನ್‌ಸ್ಟೋನಿ ಎಂದು ಹೆಸರಿಟ್ಟರು. ಉದ್ದ 36ರಿಂದ 42 ಸೆಂಟಿಮೀಟರ್. ಬೂದು ತಲೆ, ಕಂದುಗೆಂಪು ಬೆನ್ನು, ಕತ್ತಿನ ಹಿಂಭಾಗದಲ್ಲಿ ಚದುರಂಗದ ಮಣೆಯಂತೆ ಕಪ್ಪು ಬಿಳುಪಿನ ಚೌಕುಳಿ. ಆ ಚೌಕುಳಿಯನ್ನು ಒಮ್ಮೆ ಕಂಡವರಿಗೆ ಬೇರೆ ಗುರುತು ಬೇಕಾಗುವುದಿಲ್ಲ. ಕೂಗು ಆಳವಾದದ್ದು, ಕಣಿವೆಯ ಆಚೆಯಿಂದ ಮೊದಲ ‘ಹೂ’ ಕೇಳಿಬಂದಾಗ ಮುಸುವ ಕೂಗಿತೆಂದೇ ನಾನು ಎಷ್ಟೋ ಸಲ ಭಾವಿಸಿದ್ದೇನೆ.

ನಮ್ಮ ಹಕ್ಕಿಯ ಊಟವನ್ನು ಅರಿಯಲು ಮೊದಲು ಅದರ ದೂರದ ನಂಟನ ಊಟವನ್ನು ನೋಡುವುದು ಒಳ್ಳೆಯದು, ಏಕೆಂದರೆ ಆ ನಂಟನ ಮೇಲೆ ಅಧ್ಯಯನ ಬಹಳ ನಡೆದಿದೆ. ಯುರೋಪಿನ ಕಾಡುಪಾರಿವಾಳ, ಕೊಲಂಬಾ ಪಲಂಬಸ್, ಗಾತ್ರದಲ್ಲಿ ಹೆಚ್ಚು ಕಡಿಮೆ ನಮ್ಮದರಷ್ಟೇ ಇದ್ದು ಸುಮಾರು ಅರ್ಧ ಕಿಲೋ ತೂಗುತ್ತದೆ. ಅಲ್ಲಿ ಚಳಿಗಾಲವೆಂದರೆ ಎಲೆ ಉದುರಿದ ಮರಗಳು, ಹೆಪ್ಪುಗಟ್ಟಿದ ನೆಲ. ಆ ಕಾಲ ಸಮೀಪಿಸುತ್ತಿದ್ದಂತೆ ಹಕ್ಕಿಯ ಆಹಾರ ಒಂದು ಕ್ರಮದಲ್ಲಿ ಬದಲಾಗುತ್ತಾ ಹೋಗುತ್ತದೆ. ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಗೋಧಿ ಬಾರ್ಲಿಗಳ ಕೊಯ್ಲಾದ ಹೊಲದಲ್ಲಿ ಉದುರಿದ ಕಾಳು ಅದರ ಮುಖ್ಯ ಆಹಾರ. ಕಾಳು ಮುಗಿಯುವ ಹೊತ್ತಿಗೆ, ಅಕ್ಟೋಬರ್ ನವೆಂಬರ್‌ನಲ್ಲಿ, ಓಕ್ ಮತ್ತು ಬೀಚ್ ಮರಗಳು ಕಾಯಿ ಉದುರಿಸುತ್ತವೆ. ಓಕ್ ಕಾಯಿ ಸುಮಾರು ಸುಲಿದ ಅಡಕೆಯಷ್ಟಿದ್ದು ತಳದಲ್ಲಿ ಪುಟ್ಟ ಬಟ್ಟಲಿನಂಥ ತೊಟ್ಟನ್ನು ಹೊಂದಿರುತ್ತದೆ. ಬೀಚ್ ಕಾಯಿ ಇನ್ನೂ ಸಣ್ಣದು, ಮೂರು ಮೂಲೆಯದು, ಎಣ್ಣೆಯಂಶ ಹೆಚ್ಚು ಇರುವಂಥದು. ಪಾರಿವಾಳ ಎರಡನ್ನೂ ಇಡಿಯಾಗಿ ನುಂಗುತ್ತದೆ. ಇಲ್ಲಿ ಒಂದು ಮಾತು ಹೇಳಬೇಕು: ನಮ್ಮ ತೋಟಗಳಲ್ಲಿರುವ ಸಿಲ್ವರ್ ಓಕ್‌ಗೂ ಈ ಓಕ್‌ಗೂ ಹೆಸರಿನ ಹೊರತು ಯಾವ ನಂಟೂ ಇಲ್ಲ. ಅದು ಆಸ್ಟ್ರೇಲಿಯಾದಿಂದ ಬಂದ, ಬೇರೆಯದೇ ಕುಟುಂಬದ ಮರ. ಅದಕ್ಕೆ ಪಾರಿವಾಳ ತಿನ್ನುವಂಥ ಕಾಯಿಯೂ ಇಲ್ಲ, ಹಣ್ಣೂ ಇಲ್ಲ. ಈ ಸಂಗತಿಗೆ ಮತ್ತೆ ಬರುತ್ತೇನೆ.

ಓಕ್ ಮತ್ತು ಬೀಚ್ ಮರಗಳು ಪ್ರತಿವರ್ಷ ಒಂದೇ ಸಮನೆ ಕಾಯಿ ಬಿಡುವುದಿಲ್ಲ. ನಮ್ಮ ಕಾಡುಮಾವಿನಂತೆ ಒಂದು ವರ್ಷ ಮರ ತುಂಬ ಕಾಯಿ, ಮುಂದಿನ ವರ್ಷ ಹೇಳಿಕೊಳ್ಳುವಷ್ಟೂ ಇಲ್ಲ. ಕಾಯಿ ಹಿಡಿದ ವರ್ಷ ಹಕ್ಕಿ ಕಾಡಿನಲ್ಲೇ ಚಳಿಗಾಲದ ಬಹುಭಾಗವನ್ನು ಕಳೆಯುತ್ತದೆ. ಹಿಡಿಯದ ವರ್ಷ ಬಯಲಿನ ಹೊಲಗಳಿಗೆ ಇಳಿಯುತ್ತದೆ. ಉತ್ತರದ ದೇಶಗಳ ಹಕ್ಕಿಗಳು ಅಕ್ಟೋಬರ್‌ನಲ್ಲಿ ದೊಡ್ಡ ಗುಂಪುಗಳಾಗಿ ದಕ್ಷಿಣಕ್ಕೆ ಹೊರಟು, ಪಿರೆನೀಸ್ ಪರ್ವತಗಳನ್ನು ದಾಟಿ, ಸ್ಪೇನ್ ಮತ್ತು ಪೋರ್ಚುಗಲ್‌ಗಳ ಓಕ್ ತೋಪುಗಳನ್ನು ಸೇರುತ್ತವೆ. ಅಷ್ಟು ದೂರದ ಪಯಣದ ಕೊನೆಯಲ್ಲಿ ಅವು ಹುಡುಕುವುದು ಅದೇ ಓಕ್ ಕಾಯಿಯನ್ನು. ಮರದ ಕಾಯಿಯನ್ನು ನಂಬಿದ ಬದುಕು ಎಷ್ಟು ಸೂಕ್ಷ್ಮವೆಂಬುದಕ್ಕೆ ಅಮೆರಿಕದ ಪ್ಯಾಸೆಂಜರ್ ಪಾರಿವಾಳವನ್ನು ನೆನೆಯಬೇಕು. ಬೀಚ್, ಓಕ್, ಚೆಸ್ಟ್‌ನಟ್ ಕಾಯಿಗಳನ್ನು ಅರಸುತ್ತಾ ಆಕಾಶವೇ ಕವಿದಂತೆ ಹಾರುತ್ತಿದ್ದ ಆ ಹಕ್ಕಿ ಬೇಟೆ ಮತ್ತು ಕಾಡಿನ ನಾಶಗಳೆರಡರ ನಡುವೆ ಸಿಕ್ಕಿ ಅಳಿಯಿತು. ಕೊನೆಯದು 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

ಇಂಗ್ಲೆಂಡಿನಲ್ಲಿ ಓಕ್ ಕಾಯಿ ಮುಗಿದ ಮೇಲೆ ಹಾಥಾರ್ನ್ ಮುಂತಾದ ಪೊದೆಗಳ ಹಣ್ಣು, ಚಳಿಗಾಲದ ಕೊನೆಗೆ ಐವಿ ಬಳ್ಳಿಯ ಕಪ್ಪು ಹಣ್ಣು. ಇವೂ ಸಾಲದಾದಾಗ ಹಕ್ಕಿ ಎಲೆ ಮೇಯತೊಡಗುತ್ತದೆ. ಪಾರಿವಾಳ ದನದಂತೆ ಸೊಪ್ಪು ಮೇಯುತ್ತದೆ ಎಂದರೆ ನಮಗೆ ವಿಚಿತ್ರವೆನಿಸಬಹುದು. ಆದರೆ ಅಲ್ಲಿ ಹುಲ್ಲುಗಾವಲಿನ ಕ್ಲೋವರ್ ಎಲೆಯೇ ಬಹುಕಾಲ ಅದರ ಚಳಿಗಾಲದ ಕೊನೆಯ ಆಸರೆಯಾಗಿತ್ತು. ಎಲೆಯಲ್ಲಿ ಸಾರ ಕಡಿಮೆಯಾದ್ದರಿಂದ ಹಗಲಿಡೀ ಮೇಯುತ್ತಲೇ ಇರಬೇಕು. ಆರ್. ಕೆ. ಮರ್ಟನ್ ಎಂಬ ವಿಜ್ಞಾನಿ ತಮ್ಮ ಸಂಗಡಿಗರೊಂದಿಗೆ 1950 ಮತ್ತು 60ರ ದಶಕಗಳಲ್ಲಿ ಕೇಂಬ್ರಿಡ್ಜ್‌ಷೈರಿನ ಹೊಲಗಳಲ್ಲಿ ವರ್ಷಗಟ್ಟಲೆ ಹಕ್ಕಿಗಳನ್ನು ಎಣಿಸಿ, ಆ ಪ್ರದೇಶದಲ್ಲಿ ಎಷ್ಟು ಪಾರಿವಾಳ ಉಳಿಯುತ್ತದೆಂಬುದನ್ನು ನಿರ್ಧರಿಸುವುದು ಚಳಿಗಾಲದ ಕ್ಲೋವರ್ ಪ್ರಮಾಣವೇ ಹೊರತು ರೈತರ ಬಂದೂಕು ಅಲ್ಲ ಎಂದು ತೋರಿಸಿದರು. ಕೊಂದಷ್ಟು ಹಕ್ಕಿಗಳ ಬದಲಿಗೆ ಹೇಗೂ ಹಸಿವಿನಿಂದ ಸಾಯಬೇಕಾಗಿದ್ದ ಬೇರೆ ಹಕ್ಕಿಗಳು ಬದುಕಿಕೊಳ್ಳುತ್ತಿದ್ದವು. 1970ರ ದಶಕದಿಂದ ಅಲ್ಲಿನ ರೈತರು ರೇಪ್ ಎಂಬ, ಸಾಸಿವೆಯ ಕುಲದ ಎಣ್ಣೆಬೀಜದ ಬೆಳೆಯನ್ನು ವ್ಯಾಪಕವಾಗಿ ಬೆಳೆಯತೊಡಗಿದರು. ಮಳೆಗಾಲಕ್ಕೆ ನಾವು ರಾಗಿ ಬಿತ್ತಿದಂತೆ ಅವರು ಅದನ್ನು ಬೇಸಿಗೆಯ ಕೊನೆಗೆ ಬಿತ್ತುತ್ತಾರೆ. ಚಳಿಗಾಲವಿಡೀ ಹೊಲ ಹಸಿರಾಗಿರುತ್ತದೆ. ಹಸಿವಿನ ತಿಂಗಳುಗಳಿಗೆ ಊಟ ಸಿಕ್ಕಿತು, ಪಾರಿವಾಳಗಳ ಸಂಖ್ಯೆ ಏರಿತು. ಮರ್ಟನ್ನರ ಮಾತು ಎಷ್ಟು ನಿಜವೆಂಬುದು ಹೀಗೆ ವಿರುದ್ಧ ದಿಕ್ಕಿನಿಂದ ಮತ್ತೊಮ್ಮೆ ಸ್ಥಿರಪಟ್ಟಿತು.

ಈ ತಿನಿಸುಗಳನ್ನೆಲ್ಲ ಅರಗಿಸಲು ಪಾರಿವಾಳದ ದೇಹದಲ್ಲಿ ಎರಡು ವ್ಯವಸ್ಥೆಗಳಿವೆ. ಕುತ್ತಿಗೆಯ ಬುಡದಲ್ಲಿರುವ ಗಂಟಲಚೀಲ ಉಗ್ರಾಣ. ಅಲ್ಲಿಂದ ಕೆಳಗಿರುವ, ದಪ್ಪ ಸ್ನಾಯುವಿನ ಅರೆಯುವ ಹೊಟ್ಟೆ ಬೀಸುವ ಕಲ್ಲು. ಹಕ್ಕಿ ನುಂಗಿದ ಪುಟ್ಟ ಹರಳುಕಲ್ಲುಗಳು ಈ ಎರಡನೆಯದರಲ್ಲಿ ಕುಳಿತು ಓಕ್ ಕಾಯಿಯಂಥದನ್ನೂ ಪುಡಿಮಾಡುತ್ತವೆ. ಉಗ್ರಾಣದ ಮಹತ್ವ ತಿಳಿಯಬೇಕಾದರೆ ಹಗಲಿನ ಉದ್ದವನ್ನು ನೋಡಬೇಕು. ಡಿಸೆಂಬರ್ ಕೊನೆಯ ವಾರದಲ್ಲಿ ಲಂಡನ್ನಿನಲ್ಲಿ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಆ ಅಷ್ಟರೊಳಗೆ ತಿಂದದ್ದರಲ್ಲಿ ಹದಿನಾರು ಗಂಟೆಯ ಚಳಿರಾತ್ರಿಯನ್ನು ಕಳೆಯಬೇಕಾದ್ದರಿಂದ ಹಕ್ಕಿ ಸಂಜೆ ಗಂಟಲಚೀಲವನ್ನು ತುಂಬಿಕೊಂಡೇ ಮರ ಸೇರುತ್ತದೆ. ಚಿಕ್ಕಮಗಳೂರಿನಲ್ಲಿ ವರ್ಷದ ಅತಿ ಸಣ್ಣ ಹಗಲಿಗೂ ಹನ್ನೊಂದು ಗಂಟೆಗಿಂತ ಹೆಚ್ಚು ಉದ್ದವಿದೆ. ಮುಳ್ಳಯ್ಯನಗಿರಿಯ ತಪ್ಪಲಿನಲ್ಲಿ ಧನುರ್ಮಾಸದ ಬೆಳಗಿನ ಚಳಿಯನ್ನು ಬಲ್ಲವರು ಅದನ್ನು ಹಗುರವಾಗಿ ಕಾಣಲಾರರು. ಆದರೂ ನಮ್ಮ ಹಕ್ಕಿಗೆ ಚಳಿಗಾಲದ ಕಷ್ಟ ಬರುವುದು ಹಿಮದಿಂದಲೂ ಅಲ್ಲ, ಕತ್ತಲಿನಿಂದಲೂ ಅಲ್ಲ. ಅದು ಬರುವುದು ಹಣ್ಣಿನ ಪಂಚಾಂಗದಿಂದ.

ಆ ಪಂಚಾಂಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನೀಲಗಿರಿ ಕಾಡುಪಾರಿವಾಳ ಪ್ರಧಾನವಾಗಿ ಹಣ್ಣು ತಿನ್ನುವ ಹಕ್ಕಿ. ಅದಕ್ಕೆ ಪ್ರಿಯವಾದವು ದಾಲ್ಚಿನ್ನಿಯ ಕುಟುಂಬದ ಮರಗಳು. ಕಾಡುದಾಲ್ಚಿನ್ನಿ, ಗುಳಮಾವು ಮತ್ತು ಶೋಲಾ ಕಾಡಿನ ಹಲವು ಮರಗಳು ಈ ಕುಟುಂಬಕ್ಕೆ ಸೇರಿವೆ; ನೀವು ಕಾಫಿಯ ನಡುವೆ ನೆಟ್ಟಿರುವ ಬೆಣ್ಣೆಹಣ್ಣೂ ಇದೇ ಕುಟುಂಬದ್ದು. ಬೆಣ್ಣೆಹಣ್ಣನ್ನು ಬೆರಳಿನಲ್ಲಿ ಹಿಸುಕಿದಾಗ ಜಿಡ್ಡು ತಾಗುವುದನ್ನು ಬಲ್ಲವರು ಈ ಮರಗಳ ಸಣ್ಣ ಹಣ್ಣಿನಲ್ಲಿಯೂ ಏನಿದೆಯೆಂದು ಊಹಿಸಬಹುದು. ಸಕ್ಕರೆಯ ಒಂದು ಗ್ರಾಮಿನಿಂದ ಸುಮಾರು 4 ಕಿಲೋ ಕ್ಯಾಲೊರಿ ಶಕ್ತಿ ಬಂದರೆ ಕೊಬ್ಬಿನ ಒಂದು ಗ್ರಾಮಿನಿಂದ ಸುಮಾರು 9 ಬರುತ್ತದೆ. ನೇರಳೆಯ ಕುಲ, ರುದ್ರಾಕ್ಷಿಯ ಕುಲ, ಲೋಧ್ರದ ಕುಲಗಳ ಹಣ್ಣುಗಳನ್ನೂ ಇದು ತಿನ್ನುತ್ತದೆ. ಆದರೆ ಗುಳಮಾವು ಹಣ್ಣಾಗುವುದು ಬೇಸಿಗೆಯ ಕೊನೆಯಿಂದ ಮುಂಗಾರಿನ ಆರಂಭದವರೆಗೆ. ನೇರಳೆ ಜೂನ್ ಜುಲೈನಲ್ಲಿ. ಹಕ್ಕಿ ಗೂಡು ಕಟ್ಟಿ, ಒಂದೇ ಒಂದು ಬಿಳಿಯ ಮೊಟ್ಟೆಯಿಟ್ಟು ಮರಿ ಮಾಡುವುದೂ ಮುಖ್ಯವಾಗಿ ಮಾರ್ಚ್‌ನಿಂದ ಜುಲೈವರೆಗೆ. ಅಂದರೆ ಕೊಬ್ಬಿನ ಹಣ್ಣು ಹೇರಳವಾಗಿರುವಾಗ ಸಂಸಾರ, ಆಮೇಲೆ ಮಳೆ, ಮಳೆ ಹಿಂದೆ ಸರಿದು ಮಾಗಿ ಹತ್ತಿರವಾಗುವ ಹೊತ್ತಿಗೆ ಆ ವರ್ಷದ ಎಳೆಯ ಹಕ್ಕಿಗಳು ತಮ್ಮ ಮೊದಲ ಚಳಿಗಾಲವನ್ನು ಎದುರಿಸುವಾಗ, ತಂದೆತಾಯಿಗಳಿಗೆ ಸಿಕ್ಕ ದೊಡ್ಡ ಔತಣ ಕಳೆದು ತಿಂಗಳುಗಳಾಗಿರುತ್ತವೆ. ಮಾಗಿ ಎಂಬ ಪದ ಮಾಘದಿಂದ ಬಂದದ್ದಾದರೂ ಕನ್ನಡದ ಕಿವಿಗೆ ಅದು ಮಾಗುವುದನ್ನು, ಹಣ್ಣಾಗುವುದನ್ನು, ನೆನಪಿಸುತ್ತದೆ. ಮಾಗಿಯಲ್ಲಿ ಮಾಗುವ ಹಣ್ಣು ಯಾವುದು ಎಂಬುದೇ ಈಗ ಪ್ರಶ್ನೆ.

ಎತ್ತರದ ಶೋಲಾಗಳಲ್ಲಿ ಒಂದೊಂದು ಮರಕ್ಕೆ ಒಂದೊಂದು ಕಾಲವಿರುವುದರಿಂದ ಅಲ್ಲಿ ಸ್ವಲ್ಪ ಸಿಗುತ್ತದೆ. ಸಾಲದಿದ್ದಾಗ ಹಕ್ಕಿ ಹಣ್ಣಿರುವ ಕಡೆಗೆ ಚಲಿಸುತ್ತದೆ. ಋತುವಿಗೆ ತಕ್ಕಂತೆ ಮರದಿಂದ ಮರಕ್ಕೆ, ಕಣಿವೆಯಿಂದ ಕಣಿವೆಗೆ ಹೋಗುವುದು ಇದರ ಸ್ವಭಾವವೆಂದು ಪಕ್ಷಿತಜ್ಞರು ಗುರುತಿಸಿದ್ದಾರೆ. ಕೆಳಗಿನ ಕಾಡುಗಳಲ್ಲಿ ಚಳಿಗಾಲಕ್ಕೆ ಹಣ್ಣಾಗುವ ಕಾಸರಕವನ್ನು ಇದು ತಿಂದದ್ದೂ ದಾಖಲಾಗಿದೆ. ಕಾಸರಕವೆಂದರೆ ವಿಷವೆಂದೇ ನಮ್ಮ ತಿಳಿವಳಿಕೆ. ಆ ವಿಷವಿರುವುದು ಮುಖ್ಯವಾಗಿ ಬಿಲ್ಲೆಯಂಥ ಗಟ್ಟಿ ಬೀಜದಲ್ಲಿ. ಮಂಗಟ್ಟೆ ಹಕ್ಕಿಯೂ ಮುಸುವವೂ ಈ ಹಣ್ಣನ್ನು ತಿನ್ನುತ್ತವೆ. ಸಣ್ಣ ಬಸವನಹುಳುಗಳನ್ನೂ ಆಗಾಗ ಮಣ್ಣನ್ನೂ ನಮ್ಮ ಪಾರಿವಾಳ ತಿನ್ನುತ್ತದೆ. ಹಣ್ಣಿನಲ್ಲಿ ಉಪ್ಪಿನಂಶ ಅತ್ಯಲ್ಪವಾದ್ದರಿಂದ ಖನಿಜಗಳಿಗಾಗಿ ಮಣ್ಣು ತಿನ್ನುತ್ತಿರಬಹುದು. ಜಪಾನಿನಲ್ಲಿ ಹಸಿರು ಪಾರಿವಾಳಗಳು ಕಡಲತೀರದ ಬಂಡೆಗಳಿಗೆ ಇಳಿದು ಸಮುದ್ರದ ನೀರನ್ನೇ ಕುಡಿಯುವುದು ಇದೇ ಕೊರತೆಯನ್ನು ನೆನಪಿಸುತ್ತದೆ.

ಇವೆಲ್ಲವುಗಳಿಗಿಂತ ಮಾಗಿಯಲ್ಲಿ ನೆಚ್ಚಬಹುದಾದದ್ದು ಆಲದ ಕುಲ. ಅತ್ತಿ, ಬಸರಿ, ಗೋಣಿ, ಮಿಟ್ಲಿ ಎಂದು ನೀವು ಕರೆಯುವ ಮರಗಳು. ಇವುಗಳ ಹಣ್ಣಿನಲ್ಲಿ ಕೊಬ್ಬು ಬಹಳ ಕಡಿಮೆ. ನೀರು, ಸಕ್ಕರೆ ಮತ್ತು ಸುಣ್ಣದಂಶವಿದೆ. ಗುಳಮಾವಿನ ಹಣ್ಣಿನ ಮುಂದೆ ಇದು ಸಾಧಾರಣ ಊಟವೇ. ಆದರೆ ಬೇರೆ ಯಾವ ಮರವೂ ಹಣ್ಣು ಕೊಡದ ತಿಂಗಳಲ್ಲಿ ಇದು ಸಿಗುತ್ತದೆ, ಮತ್ತು ಅದಕ್ಕೊಂದು ಅಚ್ಚರಿಯ ಕಾರಣವಿದೆ. ನಾವು ಹಣ್ಣೆಂದು ಕರೆಯುವುದು ಹೊರಮುಚ್ಚಿದ ಒಂದು ಹೂಗೊಂಚಲು. ನೂರಾರು ಪುಟ್ಟ ಹೂಗಳು ಅದರ ಒಳಗೆ ಇವೆ. ಅಲ್ಲಿಗೆ ಪರಾಗವನ್ನು ಒಯ್ಯಲು ಬಲ್ಲದ್ದು ಆಯಾ ಜಾತಿಯ ಮರಕ್ಕೇ ಮೀಸಲಾದ, ಕಣ್ಣಿಗೆ ಕಾಣುವುದೂ ಕಷ್ಟವೆನಿಸುವಷ್ಟು ಸಣ್ಣ ಕಣಜ. ಒಂದು ಮರದ ಕಾಯಿಯೊಳಗೆ ಹುಟ್ಟಿದ ಆ ಕಣಜ ಹೊರಬಂದು ಒಂದೆರಡು ದಿನ ಮಾತ್ರ ಬದುಕಿರುತ್ತದೆ; ಅಷ್ಟರಲ್ಲಿ ಸರಿಯಾದ ಹಂತದ ಕಾಯಿಯಿರುವ ಇನ್ನೊಂದು ಮರವನ್ನು ಅದು ಕಂಡುಕೊಳ್ಳಬೇಕು. ಆ ಜಾತಿಯ ಎಲ್ಲ ಮರಗಳೂ ಒಂದೇ ಸಲಕ್ಕೆ ಕಾಯಿಬಿಟ್ಟು ಒಂದೇ ಸಲಕ್ಕೆ ಮುಗಿಸಿದರೆ ಕಣಜದ ವಂಶ ಅಲ್ಲಿಗೇ ನಿಲ್ಲುತ್ತದೆ, ಅದರ ಹಿಂದೆಯೇ ಮರದ ವಂಶವೂ ನಿಲ್ಲುತ್ತದೆ. ಆದ್ದರಿಂದ ಇಲ್ಲಿಯ ಬಸರಿ ಹಣ್ಣಾಗಿದ್ದಾಗ ಒಂದು ಮೈಲಿ ಆಚೆಯ ಬಸರಿ ಇನ್ನೂ ಚಿಗುರುತ್ತಿರುತ್ತದೆ. ಕಣಜಕ್ಕಾಗಿ ಏರ್ಪಟ್ಟ ಈ ವ್ಯವಸ್ಥೆಯಿಂದಾಗಿ ವರ್ಷದ ಯಾವ ತಿಂಗಳಲ್ಲಾದರೂ ಸೀಮೆಯ ಎಲ್ಲೋ ಒಂದು ಕಡೆ ಹಣ್ಣಿರುತ್ತದೆ. ಪಾರಿವಾಳ, ಹಸಿರು ಪಾರಿವಾಳ, ಕುಟ್ರು ಹಕ್ಕಿ, ಮಂಗಟ್ಟೆ, ಕೆಂದಳಿಲು ಎಲ್ಲವೂ ಅದರ ಸುತ್ತ ಸೇರುತ್ತವೆ. ಒಂದು ಷರತ್ತಿದೆ: ಸೀಮೆಯಲ್ಲಿ ಇಂಥ ಮರಗಳು ಸಾಕಷ್ಟು ಇರಬೇಕು. ಹತ್ತು ಬಸರಿಗಳಿದ್ದ ಕಡೆ ಒಂದೇ ಉಳಿದರೆ ಆ ಒಂದು ಮರ ಹಣ್ಣು ಬಿಡುವ ಮೂರು ವಾರಗಳ ಹೊರತು ಉಳಿದ ಕಾಲವೆಲ್ಲ ಖಾಲಿ.

ನಮ್ಮ ತೋಟಗಳ ಮಾತು ಬರುವುದು ಇಲ್ಲಿಯೇ. ಹಿರಿಯರು ಕಾಡನ್ನು ತೆರವುಗೊಳಿಸಿ ಕಾಫಿ ಹಾಕುವಾಗ ನೆರಳಿಗೆಂದು ಈ ಜಾತಿಯ ಮರಗಳನ್ನು ಉಳಿಸಿಕೊಂಡರು. ಅವರ ಮನಸ್ಸಿನಲ್ಲಿ ಪಾರಿವಾಳ ಇದ್ದಿರಲಿಲ್ಲ. ನೆರಳು ಹದವಾಗಿ ಚೆದುರುತ್ತದೆ, ಉದುರಿದ ಎಲೆ ಗೊಬ್ಬರವಾಗುತ್ತದೆ ಎಂಬುದೇ ಅವರ ಲೆಕ್ಕ. ಆ ಲೆಕ್ಕದ ಫಲವಾಗಿ ಶೋಲಾದಿಂದ ಇಳಿದ ಹಕ್ಕಿಗೆ ಮಾಗಿಯ ಊಟ ತೋಟದಲ್ಲಿ ಸಿಗುತ್ತಾ ಬಂತು. ಮೂಡಿಗೆರೆ ಕಡೆಯ ನಮ್ಮ ಮನೆತನದ ತೋಟದಲ್ಲಿ ನಾನು ಹುಡುಗನಾಗಿದ್ದಾಗ ಎರಡು ಬಸರಿ, ಒಂದು ದೊಡ್ಡ ಗೋಣಿ ಮತ್ತು ಹಳ್ಳದ ಬದಿಯಲ್ಲಿ ಅತ್ತಿಗಳ ಸಾಲು ಇದ್ದವು. ಕಾಳುಮೆಣಸಿಗೆ ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ, ಮೆಣಸಿನ ಬಳ್ಳಿ ನೇರವಾಗಿ ಏರಲು ಸಿಲ್ವರ್ ಓಕ್ ಅನುಕೂಲವೆಂದು ಒಂದು ಬಸರಿಯನ್ನೂ ಗೋಣಿಯನ್ನೂ ನಾವು ಕಡಿಸಿದೆವು. ತೀರ್ಮಾನ ನನ್ನದೂ ಆಗಿತ್ತು. ಸಸ್ಯಶಾಸ್ತ್ರ ಕಲಿಸುತ್ತಿದ್ದ ನನಗೆ ಆ ಮರಗಳು ಏನೆಂದು ಗೊತ್ತಿತ್ತು. ಮರದ ವ್ಯಾಪಾರಿ ಹೇಳಿದ ಬೆಲೆಯೂ ಸಾಲದ ಕಂತೂ ಆಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿದ್ದವು. ನಂತರದ ಚಳಿಗಾಲಗಳಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ಕೇಳುತ್ತಿದ್ದ ಆ ಆಳದ ‘ಹೂ’ ಕೇಳಲಿಲ್ಲ. ಉಳಿದ ಬಸರಿ ಹಣ್ಣು ಬಿಟ್ಟ ವರ್ಷ ಮಾತ್ರ ಕೆಲವು ದಿನ ಬಂದು ಹೋಗುತ್ತವೆ.

ಸಿಲ್ವರ್ ಓಕ್ ಬೇಡವೆಂದು ನಾನು ಹೇಳುತ್ತಿಲ್ಲ. ಅದು ಬೇಗ ಬೆಳೆಯುತ್ತದೆ, ಮಾರಾಟಕ್ಕೆ ತೊಡಕು ಕಡಿಮೆ, ಮೆಣಸಿಗೆ ಆಧಾರವಾಗುತ್ತದೆ. ಬೆಳೆಗಾರನ ಕಷ್ಟವನ್ನು ಅರಿಯದೆ ಉಪದೇಶ ಮಾಡುವುದು ಸರಿಯಲ್ಲ. ಆದರೆ ಹತ್ತು ಎಕರೆಯ ತೋಟದಲ್ಲಿ ಆಲದ ಕುಲದ ನಾಲ್ಕೈದು ಮರಗಳು ಬೇರೆ ಬೇರೆ ಜಾತಿಯವಾಗಿ ಉಳಿದರೆ ಕಾಫಿಗಾಗಲಿ ಮೆಣಸಿಗಾಗಲಿ ಆಗುವ ನಷ್ಟ ದೊಡ್ಡದಲ್ಲವೆಂಬುದು ನನ್ನ ಅನುಭವ. ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗಲೂ ಒಂದು ಎಚ್ಚರ ಸಾಧ್ಯ: ಒಂದೇ ವರ್ಷ ಎಲ್ಲ ಬಸರಿ ಅತ್ತಿಗಳ ಕೊಂಬೆಯನ್ನೂ ಪೂರ್ತಿ ಇಳಿಸದೆ, ಈ ವರ್ಷ ಒಂದಿಷ್ಟು, ಮುಂದಿನ ವರ್ಷ ಒಂದಿಷ್ಟು ಎಂದು ಸರದಿ ಮಾಡಿಕೊಂಡರೆ ಕಾಯಿ ಹಿಡಿಯುವ ಕೊಂಬೆ ಎಲ್ಲಿಯಾದರೂ ಉಳಿದಿರುತ್ತದೆ. ಹಣ್ಣಿನ ಮರದ ಕೆಳಗೆ ಕೋವಿ ಹಿಡಿದು ಕಾಯುತ್ತಿದ್ದ ಕಾಲವೊಂದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಈಗ ಅಪರಾಧ. ಈ ಹಕ್ಕಿ ಇಂದು ಜಾಗತಿಕ ಪಟ್ಟಿಯಲ್ಲಿ ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಸಾಲಿನಲ್ಲಿದೆ. ಆದರೆ ಮರ್ಟನ್ನರು ಕಂಡದ್ದನ್ನು ಇಲ್ಲಿಗೆ ತಂದು ನೋಡಿದರೆ, ಕೋವಿ ಕೆಳಗಿಟ್ಟ ಮಾತ್ರಕ್ಕೆ ಹಕ್ಕಿ ಉಳಿಯುತ್ತದೆಂಬ ಭರವಸೆಯಿಲ್ಲ. ಕೇಂಬ್ರಿಡ್ಜ್‌ಷೈರಿನಲ್ಲಿ ಕ್ಲೋವರ್ ಹೊಲ ವಹಿಸಿದ್ದ ಪಾತ್ರವನ್ನು ಇಲ್ಲಿ ಬಸರಿ ಮರ ವಹಿಸುತ್ತಿದೆ ಎಂದು ನಾನು ನಂಬಿದ್ದೇನೆ.

ತಿಂದ ಹಣ್ಣಿನ ಬೀಜ ಏನಾಗುತ್ತದೆಂಬ ಪ್ರಶ್ನೆಯನ್ನು ಇಲ್ಲಿಯ ವಿದ್ಯಾರ್ಥಿನಿಯೊಬ್ಬರು ಸಭೆಗೆ ಮೊದಲೇ ಕೇಳಿದ್ದರು. ಪಾರಿವಾಳಗಳೆಲ್ಲ ಈ ವಿಷಯದಲ್ಲಿ ಒಂದೇ ಬಗೆಯವಲ್ಲ. ಹಸಿರು ಪಾರಿವಾಳದ ಅರೆಯುವ ಹೊಟ್ಟೆ ಬಲವಾದದ್ದು. ಅತ್ತಿಹಣ್ಣಿನೊಳಗಿನ ಸಾಸಿವೆಗಿಂತ ಸಣ್ಣ ಬೀಜಗಳನ್ನೂ ಅದು ಅರೆದುಬಿಡುತ್ತದೆ. ರಾಮಪತ್ರೆಯನ್ನು ನುಂಗುವ ದೊಡ್ಡ ಬೆಟ್ಟದ ಪಾರಿವಾಳದ ಹೊಟ್ಟೆ ಮೃದುವಾದದ್ದು. ಬೀಜ ಇಡಿಯಾಗಿಯೇ ಹೊರಬರುತ್ತದೆ. ನೀಲಗಿರಿ ಕಾಡುಪಾರಿವಾಳ ದಾಲ್ಚಿನ್ನಿ ಮತ್ತು ನೇರಳೆಯ ಕುಟುಂಬಗಳ ದೊಡ್ಡ ಬೀಜಗಳನ್ನು ದೂರ ಒಯ್ದು ಹಾಕುವ ಹಕ್ಕಿಯೆಂದು ತಜ್ಞರು ಪರಿಗಣಿಸುತ್ತಾರೆ. ಇಂಥ ಬೀಜಗಳನ್ನು ಸಾಗಿಸುವಷ್ಟು ಅಗಲ ಬಾಯಿಯ ಹಕ್ಕಿಗಳು ಶೋಲಾದಲ್ಲಿ ಹೆಚ್ಚು ಇಲ್ಲ. ನಮ್ಮ ತೋಟದ ಉಳಿದ ಬಸರಿಯ ಬುಡದಲ್ಲಿ, ಕಾಫಿ ಗಿಡಗಳ ನಡುವೆ, ಕಾಡುದಾಲ್ಚಿನ್ನಿಯ ಏಳೆಂಟು ಸಸಿಗಳಿವೆ. ಎಲೆಯನ್ನು ಮುರಿದರೆ ಚಕ್ಕೆಯ ಪರಿಮಳ. ತೋಟದಲ್ಲಿ ಆ ಜಾತಿಯ ದೊಡ್ಡ ಮರವಿಲ್ಲ. ತಂದವರು ಯಾರೆಂದು ಖಚಿತವಾಗಿ ಹೇಳಲು ನಾನು ಕಣ್ಣಾರೆ ಕಂಡಿಲ್ಲ; ಆದರೆ ಕಳೆ ತೆಗೆಯುವವರಿಗೆ ಅವನ್ನು ಮುಟ್ಟಬೇಡಿರೆಂದು ಹೇಳಿದ್ದೇನೆ.

ಆ ಬಸರಿಯಲ್ಲಿ ಈ ವರ್ಷ ಕಾಯಿ ಹಿಡಿದಿದೆ. ಕಳೆದ ವಾರ ನೋಡಿದಾಗ ಗಟ್ಟಿಯಾಗಿ ಹಸಿರಾಗಿದ್ದವು. ಇನ್ನು ಎರಡು ಮೂರು ವಾರಗಳಲ್ಲಿ ಬಣ್ಣ ತಿರುಗಬಹುದು. ಆಸಕ್ತಿಯಿರುವವರು ದಯವಿಟ್ಟು ಬನ್ನಿ. ಮಂಜು ಕರಗುವ ಮೊದಲು, ಬೆಳಿಗ್ಗೆ ಏಳರೊಳಗೆ ತಲುಪಬೇಕು. ಕಾರನ್ನು ಕಣದ ಹತ್ತಿರವೇ ನಿಲ್ಲಿಸಿ, ಮಾತಿಲ್ಲದೆ ಹಳ್ಳದ ಬದಿಯ ಕಾಲುದಾರಿಯಲ್ಲಿ ನಡೆದು ಬಂದರೆ ಮರದಿಂದ ನಲವತ್ತು ಹೆಜ್ಜೆ ದೂರದಲ್ಲಿ ಎಲ್ಲರಿಗೂ ನಿಲ್ಲಲು ಜಾಗವಿದೆ.